ಬೀಬಿ ಬಳ್ಳಿ ಹೂ ಬಿಡುವ ತನಕ

ನನ್ನದು ಹುಟ್ಟಾ ಸಂಶಯದ ಬುದ್ಧಿ. ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವಾಗ ಎಲ್ಲರೂ ಅಲ್ಲಾಡಿಸಿ ನೋಡುತ್ತಾರೆ. ನಾನು ಮನೆಗೆ ಬಂದ ಮೇಲೆ ಇನ್ನೊಮ್ಮೆ ಅಲ್ಲಾಡಿಸುತ್ತೇನೆ, ದಾರಿಯಲ್ಲಿ ಯಾರಾದರೂ ಬದಲಿಸಿದರೇನೋ ಅಂತ. ಯಾರಾದರೂ ಸುಮ್ಮಸುಮ್ಮನೆ ಹೊಗಳಿದರೆ ಸೆರಗಿನ ಗಂಟು ಮುಟ್ಟಿ ನೋಡಿಕೊಳ್ಳುತ್ತೇನೆ. ಹೀಗಿದ್ದುದರಿಂದ ನಾನು ಮೋಸ ಹೋದದ್ದು ಕಡಿಮೆ. ಆದ್ದರಿಂದ ಈ ಬುದ್ಧಿಯ ಬಗ್ಗೆ ಯಾರ ಮುಂದೆಯೂ ನಾಚಿಕೊಳ್ಳುವವಳಲ್ಲ.

ನಿಜಾಮರ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಮುಗಿದು, ಬಸ್ಸುಗಳು ಮತ್ತೆ ಓಡಾಡತೊಡಗಿದ ಮೇಲೆ, ನಾನು ಸಿಂಧನೂರಿನ ತವರಿನಿಂದ ಲಿಂಗಸುಗೂರಿನ ಗಂಡನ ಮನೆಗೆ ಮರಳಿ ಬಂದೆ. ಮದುವೆಯಾಗಿ ಆಗಲೇ ಕೆಲವು ವರ್ಷವಾಗಿತ್ತು. ಗದ್ದಲದ ತಿಂಗಳುಗಳಲ್ಲಿ ನನ್ನನ್ನು ತವರಿಗೆ ಕಳಿಸಿದ್ದರು. ಮನೆಯೊಳಗೆ ಕಾಲಿಟ್ಟವಳು ಮೊದಲು ನೋಡಿದ್ದು ನೀರಿನ ಹರವಿ ಇಡುವ ಕಟ್ಟೆಯನ್ನು. ಅಲ್ಲಿ, ಹರವಿಯಿಂದ ಜಿನುಗುವ ನೀರು ಇಳಿಯುವ ಜಾಗದಲ್ಲಿ, ಎರಡು ಮಣ್ಣಿನ ಕುಂಡಗಳು ಕೂತಿದ್ದವು. ಕುಂಡದ ತುಂಬ ಸಣ್ಣ ಸಣ್ಣ ಎಲೆಯ ಬಳ್ಳಿ. ಒಂದೊಂದು ಎಲೆ ಹೆಬ್ಬೆರಳಿನ ಉಗುರಿನಷ್ಟು. ಎಲೆಗೆ ಐದು ಮೂಲೆ, ಅಂಚಿಗೆ ಸುಣ್ಣ ಹಚ್ಚಿದಂತೆ ಬಿಳಿ ಗೆರೆ. ಅದರ ಹೆಸರು ಐವಿ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಮನೆಯಲ್ಲಿ ಅದು ಬೀಬಿ ಬಳ್ಳಿ.

"ಯಾರು ಕೊಟ್ಟರು?" ಎಂದು ಕೇಳಿದೆ.

"ಛಾವಣಿ ಬಂಗಲೆ ಬೀಬಿ," ಎಂದರು ಅತ್ತೆ. ಅಷ್ಟೇ.

ನಮ್ಮ ಅತ್ತೆ ಮಾತು ಕಡಿಮೆ. ಮಾವ ಹೋದ ಮೇಲೆ ಇನ್ನೂ ಕಡಿಮೆ ಮಾಡಿಕೊಂಡಿದ್ದರಂತೆ. ಉಳಿದದ್ದನ್ನು ನಾನು ನೆರೆಯವರಿಂದ ಕೇಳಿ ತಿಳಿದೆ. ಛಾವಣಿಯ, ಅಂದರೆ ಹಿಂದೆ ದಂಡು ಬೀಡುಬಿಟ್ಟಿದ್ದ ಕಡೆಯ, ಹಳೆಯ ಬಂಗಲೆಯಲ್ಲಿ ನಿಜಾಮರ ಸರಕಾರದ ಒಬ್ಬ ಸಾಹೇಬರಿದ್ದರು. ಅವರ ಮನೆಗೆ ನಮ್ಮ ಅತ್ತೆ ಬೆಣ್ಣೆ ಕೊಡುತ್ತಿದ್ದರು. ಸಾಹೇಬರ ಹೆಂಡತಿ ಎಳೆ ವಯಸ್ಸಿನಲ್ಲಿ ಊಟಿಯ ಕಡೆ ಬೆಳೆದವಳು, ಅಲ್ಲಿಂದ ತಂದ ಬಳ್ಳಿಯನ್ನು ನೀರು ಚಿಮುಕಿಸಿ ತಂಪಾಗಿಟ್ಟ ವಾಳದ ಬೇರಿನ ತಟ್ಟಿಯ ಹಿಂದೆ ಮಗುವಿನಂತೆ ಸಾಕಿದ್ದಳು. ಊರು ಬಿಟ್ಟು ಹೋಗುವಾಗ ಟ್ರಂಕುಗಳನ್ನೆಲ್ಲ ಟಾಂಗಾಕ್ಕೆ ಹೇರಿಸಿ, ಈ ಎರಡು ಕುಂಡ ಮಾತ್ರ ಅತ್ತೆಯ ಕೈಗಿಟ್ಟು ಹೋಗಿದ್ದಳು.

ಓಣಿಯ ಜನ ಸುಮ್ಮನಿರುತ್ತಾರೆಯೇ? ಅವಸರದಲ್ಲಿ ಹೋದವರು ಬರೀ ಎಲೆ ಕೊಟ್ಟು ಹೋಗುತ್ತಾರೆಯೇ, ಮಣ್ಣಿನ ಕೆಳಗೆ ಏನೋ ಇದೆ ಎಂದರು. ಉಪ್ಪು ಕೇಳಲು ಬಂದವಳು ಬೆರಳು ಚುಚ್ಚಿ ನೋಡಿದಳು. ಬೆಂಕಿ ಕೇಳಲು ಬಂದವಳು ಕುಂಡ ಎತ್ತಿ ತೂಗಿ ನೋಡಿದಳು. ನಾನೂ ಒಂದು ಮಧ್ಯಾಹ್ನ ಅತ್ತೆ ಮಠಕ್ಕೆ ಹೋದಾಗ ಕಡ್ಡಿ ಹಾಕಿ ತಳದವರೆಗೆ ನೋಡಿದೆ. ಹಳೆಯ ಗೋಡೆಯ ಗಾರೆಯ ಚೂರು, ಹಳ್ಳದ ಉಸುಕು, ಕೊಳೆತ ಎಲೆ, ಅಷ್ಟೇ. ಹಾಗಾದರೆ ಹೂವಿಲ್ಲದ, ಕಾಯಿಲ್ಲದ, ಸಾರಿಗಾಗದ ಈ ಹಸಿರನ್ನು ಮುದುಕಿ ಯಾಕೆ ಇಟ್ಟುಕೊಂಡಿದ್ದಾಳೆ ಎಂಬುದು ನನಗೆ ಇನ್ನೂ ದೊಡ್ಡ ಒಗಟಾಯಿತು.

ನಮ್ಮ ಕಡೆಯ ಬಿಸಿಲು ಕಲ್ಲನ್ನೇ ಸೀಳುವಂಥದ್ದು. ಆ ಬಳ್ಳಿಯೋ ಚಳಿಯ ಊರಿನದು. ಚೈತ್ರ ಬಂತೆಂದರೆ ಅತ್ತೆ ಕುಂಡಗಳಿಗೆ ಗೋಣಿತಟ್ಟು ಸುತ್ತಿ, ಆ ತಟ್ಟನ್ನು ದಿನವಿಡೀ ಒದ್ದೆ ಇಡುತ್ತಿದ್ದರು. ಎಲೆಯ ಕೆಳಗೆ ಕೆಂಪು ನುಸಿ ಹತ್ತುತ್ತಿತ್ತು. ಒದ್ದೆ ಅರಿವೆಯಿಂದ ಒಂದೊಂದೇ ಎಲೆಯನ್ನು ಮಗುವಿನ ಮುಖ ಒರೆಸಿದಂತೆ ಒರೆಸುತ್ತಿದ್ದರು. ಬೇರಿಗೆ ಮಾತ್ರ ನೀರು ಕಡಿಮೆ. ಬೆರಳು ಊರಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ಕೊಡುವುದು. ಇಷ್ಟೆಲ್ಲ ಮಾಡಿಯೂ ಮೊದಲ ಬೇಸಿಗೆಗೆ ಒಂದು ಕುಂಡ ಒಣಗಿಹೋಯಿತು. ಅತ್ತೆ ಆ ದಿನ ಊಟ ಮಾಡಲಿಲ್ಲ. ಎಲೆ ಒಣಗಿದ್ದಕ್ಕೆ ಉಪವಾಸ ಬೀಳುವ ಹೆಂಗಸನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಮಾತು ಶುರುವಾಗಿತ್ತು. ನನಗೆ ಮಕ್ಕಳಾಗಿರಲಿಲ್ಲ. ಯಾರೂ ಎದುರಿಗೆ ಅನ್ನುತ್ತಿರಲಿಲ್ಲ, ಆದರೆ ಸೀಮಂತಕ್ಕೆ ಕರೆಯುವವರು ಕರೆಯುವುದನ್ನು ಬಿಟ್ಟಿದ್ದರು. ಅದರಿಂದ ನನಗೆ ಎಷ್ಟು ಅವಮಾನವಾಗುತ್ತಿತ್ತೆಂದರೆ, ಅಂಥ ದಿನ ಬೇಕೆಂದೇ ಹಿಟ್ಟು ಬೀಸಲು ಕೂತು, ಬೀಸುವ ಕಲ್ಲಿನ ಸಪ್ಪಳದಲ್ಲಿ ಅಳುತ್ತಿದ್ದೆ.

ಮಸ್ಕಿಯಲ್ಲಿ ನಮ್ಮ ಮನೆಯವರ ದೊಡ್ಡಪ್ಪ ಇದ್ದರು. ನಾವು ಮಸ್ಕಿ ಮಾವ ಎನ್ನುತ್ತಿದ್ದೆವು. ಮಾವ ಹೋದ ಮೇಲೆ ಮನೆತನದ ಹಿರಿತನ ಅವರದು. ಎತ್ತರದ ಆಳು, ದೊಡ್ಡ ದನಿ, ಊರಿನ ಯಾವ ಮದುವೆಯೂ ತಮ್ಮನ್ನು ಬಿಟ್ಟು ಆಗಬಾರದು ಎನ್ನುವ ಪೈಕಿ. ಒಂದು ದಿನ ನಮ್ಮಲ್ಲಿ ಮಠದ ಅಯ್ಯನವರಿಗೆ ಪ್ರಸಾದದ ಊಟವಿತ್ತು. ಮಸ್ಕಿ ಮಾವನೂ ಬಂದರು. ಪಡಸಾಲೆಯಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತ ನಮ್ಮ ಮನೆಯವರಿಗೆ ಹೇಳುತ್ತಿದ್ದುದು ಒಳಗಿದ್ದ ನನಗೆ ಕೇಳಿಸಿತು.

"ನಿಮ್ಮ ದೊಡ್ಡವ್ವನ ಅಣ್ಣನ ಮಗಳು ಅದಾಳ. ಹದಿನಾರು ತುಂಬ್ಯಾವ. ಗಟ್ಟಿಮುಟ್ಟಿ ಹುಡುಗಿ. ಇಕಿನ್ನ ಏನು ಹೊರಗ ಹಾಕಬ್ಯಾಡ. ಒಂದ ಮೂಲ್ಯಾಗ ಇರ್ತಾಳ, ರೊಟ್ಟಿ ಬಡೀತಾಳ."

ನಾನು ಆಗ ರೊಟ್ಟಿಯನ್ನೇ ಬಡಿಯುತ್ತಿದ್ದೆ. ಕೈ ನಿಂತುಬಿಟ್ಟಿತು. ಸಪ್ಪಳ ನಿಂತರೆ ನಾನು ಕಿವಿಗೊಟ್ಟಿದ್ದೇನೆಂದು ಗೊತ್ತಾಗುತ್ತದಲ್ಲ ಎಂದು ಬರೀ ಹಲಗೆಯನ್ನೇ ಬಡಿಯತೊಡಗಿದೆ. ನಮ್ಮ ಮನೆಯವರು ಏನಾದರೂ ಅಂದಾರು ಎಂದು ಕಾಯ್ದೆ. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಕಚೇರಿಯಲ್ಲಿ ಹೇಗೋ ಮನೆಯಲ್ಲೂ ಹಾಗೆ, ಮೇಲಿನವರು ಮಾತಾಡುವಾಗ ತಲೆ ಬಗ್ಗಿಸಿ ಕೂರುವವರು. ಒಂದು ಮಾತೂ ಆಡಲಿಲ್ಲ. ಆ ಮೌನಕ್ಕೆ ನಾನು ಹತ್ತು ಅರ್ಥ ಮಾಡಿದೆ, ಹತ್ತೂ ನನಗೆ ವಿರುದ್ಧ.

ಅತ್ತೆ ದೇವರ ಜಗಲಿಯ ಮುಂದೆ ಪೂಜೆಗೆ ಕೂತಿದ್ದರು. ಎಡ ಅಂಗೈಯಲ್ಲಿ ಲಿಂಗ, ಹಣೆಗೆ ವಿಭೂತಿ. ಅವರು ಭಾವನ ಎದುರು ಮಾತಾಡುವ ಪದ್ಧತಿ ಇರಲಿಲ್ಲ. ಏನಾದರೂ ಹೇಳುವುದಿದ್ದರೆ ಬಾಗಿಲ ಮರೆಯಿಂದ ಮಗನಿಗೆ ಹೇಳುವುದು, ಮಗ ಅದನ್ನೇ ಎದುರಿಗೆ ಕೂತ ದೊಡ್ಡಪ್ಪನಿಗೆ ಹೇಳುವುದು. ಆದರೆ ಲಿಂಗ ಕೈಯಲ್ಲಿದ್ದಾಗ ಆಡಿದ ಮಾತು ಶಿವನಿಗೆ ಆಡಿದ್ದು. ಅದನ್ನು ಯಾರೂ ತಡೆಯುವಂತಿಲ್ಲ. ಅತ್ತೆ ಲಿಂಗದ ಮೇಲಿಟ್ಟ ಕಣ್ಣು ತೆಗೆಯದೆ ದನಿ ಎತ್ತಿದರು.

"ಅಯ್ಯನವರ ಮುಂದ ಹೇಳಾಕತ್ತೀನಿ. ಈ ಬೀಬಿ ಬಳ್ಳಿ ಮೊದಲ ಹೂ ನನ್ನ ಲಿಂಗಕ್ಕ ಏರಸ್ತೀನಿ ಅಂತ ಹರಕಿ ಹೊತ್ತೀನಿ. ಆ ಹೂ ಏರೂತನಕ ಈ ಮನಿ ಮುಂದ ಮದಿವಿ ಹಂದರ ಏಳೂದಿಲ್ಲ."

ಮಸ್ಕಿ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಷ್ಟ ಏನು? ಬಳ್ಳಿ ಅಂದ ಮ್ಯಾಲೆ ಹೂ ಬಿಡದ ಏನ್ಮಾಡ್ತದ? ಶ್ರಾವಣಕ್ಕ ಹೂ, ಕಾರ್ತೀಕಕ್ಕ ಮದಿವಿ!" ಎಂದರು. ಅಯ್ಯನವರು ಮಾತ್ರ ಎಲ್ಲ ತೂಗಿ ನೋಡುವವರು. ಬಳ್ಳಿ ತಾನಾಗಿ ಒಣಗಿದರೆ ಶಿವನಿಗೆ ಈ ಹರಕೆ ಒಪ್ಪಿಗೆಯಾಗಲಿಲ್ಲವೆಂದು ತಿಳಿದು ಹಂದರ ಹಾಕಬಹುದು ಎಂದರು. ಯಾರಾದರೂ ಕೈಯಾರೆ ಕೆಡಿಸಿದರೆ ಆ ಪಾಪ ಇಡೀ ಮನೆತನಕ್ಕೆ ತಟ್ಟುತ್ತದೆ ಎಂದೂ ಸೇರಿಸಿದರು.

ಅಲ್ಲಿಂದ ನನ್ನ ಬಾಳು ಆ ಒಂದು ಕುಂಡದೊಳಗೆ ಹೋಗಿ ಕೂತಿತು. ಬಳ್ಳಿ ಹೂ ಬಿಟ್ಟರೆ ನನಗೆ ಸವತಿ. ಬಳ್ಳಿ ಒಣಗಿದರೂ ನನಗೆ ಸವತಿ. ಅದು ಬದುಕಬೇಕು, ಬದುಕಿಯೂ ಹೂ ಬಿಡಬಾರದು. ಇಂಥ ಹರಕೆ ಹೊತ್ತ ಅತ್ತೆಯ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತೆಂದರೆ, ಅವರು ನೀರು ಕೇಳಿದರೆ ತಂಬಿಗೆಯನ್ನು ಸಪ್ಪಳ ಬರುವಂತೆ ಇಡುತ್ತಿದ್ದೆ. ಮುದುಕಿ ಶಿವನನ್ನೂ ಕರೆದು ಸಾಕ್ಷಿಗೆ ನಿಲ್ಲಿಸಿಕೊಂಡು ಸೊಸೆ ತರುತ್ತಿದ್ದಾಳೆ ಎಂದುಕೊಂಡೆ. ಬೇಡ ಎನ್ನುವ ಮನಸ್ಸಿದ್ದರೆ ಬೇಡ ಎನ್ನಬಹುದಿತ್ತಲ್ಲ? ಹೂವಿನ ಮಾತು ಯಾಕೆ?

ಸಂಶಯಕ್ಕೆ ಸಾಕ್ಷಿಯೂ ಸಿಕ್ಕಿತು. ಅಮಾವಾಸ್ಯೆ ಬಂತೆಂದರೆ ಅತ್ತೆ ಅಡಕೊತ್ತು ಹಿಡಿದು ಬಳ್ಳಿಯ ಮುಂದೆ ಕೂರುತ್ತಿದ್ದರು. ಕುಂಡದ ಅಂಚು ದಾಟಿದ ಕುಡಿಗಳನ್ನು ಕಚಕ್ ಕಚಕ್ ಎಂದು ಕತ್ತರಿಸುತ್ತಿದ್ದರು. ಕತ್ತರಿಸಿದ ಕಡೆ ಎರಡು ಹೊಸ ಕುಡಿ, ಬಳ್ಳಿ ಮತ್ತಷ್ಟು ದಟ್ಟ. ನಾನು ಹೊಲದವರ ಮಗಳು. ಸಿಂಧನೂರಿನಲ್ಲಿ ನಮ್ಮ ಅಪ್ಪ ಹತ್ತಿಯ ತುದಿ ಚಿವುಟುತ್ತಿದ್ದುದು ಕಾಯಿ ಹೆಚ್ಚಾಗಲೆಂದು. ಅವ್ವ ಹಿತ್ತಿಲ ಮಲ್ಲಿಗೆಯನ್ನು ಬೋಳಾಗುವಂತೆ ಕತ್ತರಿಸುತ್ತಿದ್ದುದು ಮೊಗ್ಗು ತುಂಬಲೆಂದು. ಕತ್ತರಿಸುವುದು ಹೂವಿಗೇ ಎಂಬುದು ನಮ್ಮ ಊರಿನ ಕೂಸಿಗೂ ಗೊತ್ತು. ಮುದುಕಿಯ ಆತುರ ನೋಡು ಎಂದು ಹಲ್ಲು ಕಡಿಯುತ್ತಿದ್ದೆ. ಲಿಂಗ ತೊಳೆದ ನೀರಿನಲ್ಲಿ ಉಳಿದದ್ದನ್ನೂ ತುಳಿಯಬಾರದೆಂದು ಅದೇ ಕುಂಡಕ್ಕೆ ಹಾಕುತ್ತಿದ್ದರು. ಅದೂ ನನಗೆ ಹೂವಿಗಾಗಿ ಮಾಡುವ ಪೂಜೆಯಾಗಿಯೇ ಕಂಡಿತು.

ಆದರೂ ಬೇಸಿಗೆಯಲ್ಲಿ ಬಾವಿಯಿಂದ ತಣ್ಣೀರು ತಂದು ತಟ್ಟು ಒದ್ದೆ ಮಾಡುವವಳು ನಾನೇ. ಒಣಗಬಾರದಲ್ಲ! ಅತ್ತೆ ಎಲೆ ಒರೆಸಿ ಎದ್ದು ಹೋದ ಮೇಲೆ ನಾನು ಕೂತು ಒಂದೊಂದು ಗೆಣ್ಣನ್ನೂ ತಿರುವಿ ನೋಡುತ್ತಿದ್ದೆ, ಎಲ್ಲಾದರೂ ಮೊಗ್ಗು ಮೂಡಿದೆಯೋ ಎಂದು. ನಮ್ಮ ಮನೆಯವರು ಕಚೇರಿಗೆ ಹೊರಡುವಾಗ ಆ ಕಡೆ ಕಣ್ಣು ಹಾಯಿಸಿದರೂ ನನಗೆ ಅನುಮಾನ. ಇವರೂ ಹೂ ನೋಡುತ್ತಿದ್ದಾರೆ. ಹೊಸ ಧೋತರ ಉಟ್ಟರೆ ಅನುಮಾನ, ಮಸ್ಕಿಯ ಬಸ್ಸು ಎಷ್ಟು ಹೊತ್ತಿಗೆ ಎಂದರೆ ಅನುಮಾನ.

ಶ್ರಾವಣ ಬಂತು, ಹೂ ಇಲ್ಲ. ಇನ್ನೊಂದು ಶ್ರಾವಣ ಬಂತು. ಮಸ್ಕಿ ಮಾವ ಬಂದಾಗಲೆಲ್ಲ ಚಪ್ಪಲಿ ಬಿಟ್ಟವರೇ ನೇರ ಹರವಿಯ ಕಟ್ಟೆಯ ಹತ್ತಿರ. "ಏನೋ ಇದು, ಹಡಿಯೂದಿಲ್ಲ ಬಿಡೂದಿಲ್ಲ," ಎಂದು ಬಳ್ಳಿಯನ್ನು ಬೈಯುವ ನೆಪದಲ್ಲಿ ನನಗೆ ಕೇಳಿಸುವಂತೆ ಅನ್ನುತ್ತಿದ್ದರು. ಒಮ್ಮೆ ಚೀಲ ತುಂಬ ಕುರಿಯ ಹಿಕ್ಕೆ ತಂದರು, ಅದೂ ಹಸಿಹಿಕ್ಕೆ. ಹಸಿಗೊಬ್ಬರ ಹಾಕಿದರೆ ಎಳೆ ಬೇರು ಸುಟ್ಟುಹೋಗುತ್ತದೆ ಎಂಬುದು ಹೊಲ ಮಾಡುವ ಅವರಿಗೆ ತಿಳಿಯದೆ? ಕೈಯಾರೆ ಕೆಡಿಸಿದಂತೆಯೂ ಕಾಣಬಾರದು, ಬಳ್ಳಿಯೂ ಹೋಗಬೇಕು, ಅದೇ ಲೆಕ್ಕ ಎಂದು ನನಗೆ ಅನ್ನಿಸಿತು. ಅತ್ತೆ ಬಾಗಿಲ ಮರೆಯಿಂದ ಮಗನಿಗೆ, "ಭಾವಾರು ಪ್ರೀತೀಲೆ ತಂದಾರ, ಹಾಕ್ತೀನಿ ಅಂತ ಹೇಳಪಾ," ಎಂದರು. ಅವರು ಹೋದ ಮೇಲೆ ಚೀಲವನ್ನು ಹಾಗೆಯೇ ತಿಪ್ಪೆಗೆ ಸುರಿದು ಬಂದರು. ಅದನ್ನು ಕಂಡೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಹೂ ಬಿಡುವ ಮುಂಚೆ ಬಳ್ಳಿ ಸಾಯದಿರಲಿ ಎಂಬ ಜೋಪಾನ ಎಂದೇ ತಿಳಿದೆ.

ಹೀಗೆ ವರ್ಷಗಳು ಹೋದವು. ಸಿಂಧನೂರಿನ ಕಡೆ ಕಾಲುವೆ ಅಗೆಯುತ್ತಿದ್ದಾರೆ, ಹೊಲಕ್ಕೆ ಹೊಳೆಯ ನೀರು ಬರುತ್ತದಂತೆ ಎಂದು ತವರಿನಿಂದ ಸುದ್ದಿ ಬರುತ್ತಿತ್ತು. ನನಗೆ ಅದ್ಯಾವುದೂ ಹತ್ತುತ್ತಿರಲಿಲ್ಲ. ಒಂದು ಮಳೆಗಾಲ ಅತ್ತೆಗೆ ಚಳಿಜ್ವರ ಬಂತು. ಬಿಟ್ಟು ಬಿಟ್ಟು ಬರುವ ಜ್ವರ, ಬಂದಾಗ ಎರಡು ಕೌದಿ ಹೊದ್ದರೂ ಹಲ್ಲು ಕಟಕಟ ಎನ್ನುವಂಥದ್ದು. ಎರಡು ಅಮಾವಾಸ್ಯೆ ಅವರು ಅಡಕೊತ್ತು ಹಿಡಿಯಲಿಲ್ಲ. ಮಲಗಿದಲ್ಲಿಂದಲೇ ಒಮ್ಮೆ, "ಕುಡಿ ಕತ್ತರಸಬೇ," ಎಂದರು. ಹೂಂ ಎಂದೆ, ಕತ್ತರಿಸಲಿಲ್ಲ. ನಾನು ನನ್ನ ಕೈಯಾರೆ ಹೂವಿಗೆ ದಾರಿ ಮಾಡಿಕೊಡುವೆನೇ? ಕತ್ತರಿಸದಿದ್ದರೆ ಮೊಗ್ಗು ಮೂಡುವುದಿಲ್ಲ ಎಂದು ಗಟ್ಟಿಯಾಗಿ ನಂಬಿದ್ದೆ. ಬಳ್ಳಿ ಕುಂಡದ ಅಂಚು ದಾಟಿ, ಒದ್ದೆ ಗೋಡೆಯನ್ನು ಹಿಡಿದು, ಸದ್ದಿಲ್ಲದೆ ಮೇಲಕ್ಕೆ ಹೊರಟಿತು. ನೋಡಿ ಖುಷಿಪಟ್ಟೆ.

ಒಂದು ಬೆಳಿಗ್ಗೆ ಗೋಡೆ ಹತ್ತಿದ ಕುಡಿಯನ್ನು ಹತ್ತಿರದಿಂದ ನೋಡಿದೆ. ಕಾಂಡದ ಒಂದು ಮಗ್ಗುಲಿಗೆ ಸಾಲಾಗಿ ಸಣ್ಣ ಸಣ್ಣ ಕಾಳು, ಸಾಸಿವೆಗಿಂತ ಚಿಕ್ಕವು, ಬಿಳಿಗಂದು ಬಣ್ಣ. ಇಷ್ಟು ವರ್ಷ ಇಲ್ಲದ್ದು! ಮೊಗ್ಗು. ಉಗುರಿನಿಂದ ಎಲ್ಲವನ್ನೂ ಕೆರೆದು ಹಾಕೋಣವೆಂದು ಕೈ ಮುಂದೆ ಹೋಯಿತು, ಅಯ್ಯನವರು ಹೇಳಿದ ಪಾಪ ನೆನಪಾಗಿ ಹಿಂದೆ ಬಂತು. ಆ ದಿನ ಮಾಡಿದ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ.

ಗ್ರಹಚಾರಕ್ಕೆ ಅದೇ ವಾರ ಮಸ್ಕಿ ಮಾವ ಅತ್ತೆಯ ಜ್ವರ ನೋಡುವ ನೆಪದಲ್ಲಿ ಬಂದರು. ನೋಡಿದ್ದು ಬಳ್ಳಿಯನ್ನು. "ಮೊಗ್ಗು!" ಎಂದು ಅವರು ಕೂಗಿದ ದನಿಗೆ ಓಣಿಯ ನಾಯಿ ಬೊಗಳಿತು. ಸೋಮವಾರ ಒಳ್ಳೆಯ ದಿನ, ಹೆಣ್ಣಿನ ಅಪ್ಪನನ್ನು ಕರೆದುಕೊಂಡೇ ಬರುತ್ತೇನೆ, ಅಯ್ಯನವರಿಗೂ ಹೇಳಿ ಕಳಿಸಿ, ಎಲೆಅಡಿಕೆ ಹಿಡಿದುಬಿಡೋಣ ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೇ ಹೋದರು. ಅತ್ತೆ ಜ್ವರದ ಮಂಪರಿನಲ್ಲಿದ್ದರು. ನಮ್ಮ ಮನೆಯವರು ರಾತ್ರಿ ಊಟ ಮಾಡದೆ ಎದ್ದರು. ಅದು ದುಃಖಕ್ಕೋ ಸಂತೋಷಕ್ಕೋ ಎಂದು ನಾನು ಕೇಳಲಿಲ್ಲ. ಕೇಳಿದರೆ ನಿಜ ಹೇಳುತ್ತಾರೆಂಬ ನಂಬಿಕೆ ಇರಲಿಲ್ಲ.

ಸೋಮವಾರ ಬಂತು. ಪಡಸಾಲೆಯಲ್ಲಿ ಕಂಬಳಿ ಹಾಸಿದೆ. ನನ್ನ ಸವತಿಯಾಗುವವಳ ಅಪ್ಪ ಕೂರಲೆಂದು ನಾನೇ ಜಾಡಿಸಿ ಹಾಸಿದ್ದು. ಅಯ್ಯನವರು ಬಂದರು, ಮಸ್ಕಿ ಮಾವ ಬಂದರು, ಹೆಣ್ಣಿನ ಅಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದರು. ಪಾಪ, ಮೆದು ಮನುಷ್ಯ, ನನ್ನ ಕಡೆ ನೋಡಲು ಅವರಿಗೇ ಮುಜುಗರ. ಎಲ್ಲರೂ ಗೋಡೆಯ ಮುಂದೆ ನಿಂತು ಬಳ್ಳಿಯನ್ನು ನೋಡಿದರು. ಮಸ್ಕಿ ಮಾವ ಬೆರಳು ತೋರಿಸಿ, "ನೋಡ್ರಿ, ಎಷ್ಟು ಮೊಗ್ಗು!" ಎಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಳಬಾರದೆಂದು ಕೆನ್ನೆಯ ಒಳಭಾಗ ಕಚ್ಚಿಕೊಂಡಿದ್ದೆ.

ಆಗ ಅತ್ತೆ ಎದ್ದು ಬಂದರು. ಜ್ವರದಿಂದ ಅರ್ಧವಾಗಿದ್ದರು, ಗೋಡೆ ಹಿಡಿದುಕೊಂಡು ಬಂದರು. ತಲೆಯ ತುಂಬ ಸೆರಗು. ಗೋಡೆ ಹತ್ತಿದ ಕುಡಿಯನ್ನು ಕಂಡ ತಕ್ಷಣ ಅವರ ಮುಖ ಕಂದಿತು. ಅದು ಸಂತೋಷಪಟ್ಟವರ ಮುಖವಲ್ಲ ಎಂಬುದನ್ನು ನಾನು ಗಮನಿಸಿದೆ, ಆದರೆ ಯಾಕೆಂದು ತಿಳಿಯಲಿಲ್ಲ. ಅವರು ಮಗನ ಕಡೆ ತಿರುಗಿ, "ಎಲ್ಲಾರೂ ಸರದು ನಿಂದ್ರಿ ಅಂತ ಹೇಳಪಾ," ಎಂದರು. ನಮ್ಮ ಮನೆಯವರು, "ಸರದು ನಿಂದ್ರಬೇಕಂತ ರೀ," ಎಂದರು. ಅತ್ತೆ ಕುಡಿಯ ತುದಿ ಹಿಡಿದು ಮೆಲ್ಲಗೆ ಎಳೆದರು. ಚರ್ ಎಂದು ಸುಣ್ಣದ ಹಕ್ಕಳೆಯ ಸಮೇತ ಬಳ್ಳಿ ಗೋಡೆ ಬಿಟ್ಟು ಬಂತು. ಒಂದೊಂದು ಕಾಳಿನ ಕಾಲಿಗೂ ಸುಣ್ಣ ಅಂಟಿಕೊಂಡಿತ್ತು.

"ಇವು ಬೇರು. ಗ್ವಾಡಿ ಹಿಡಿಯೂ ಬೇರು. ಮೊಗ್ಗಲ್ಲ ಅಂತ ಹೇಳು ನಿಮ್ಮ ದೊಡ್ಡಪ್ಪಗ."

ಹೇಳುವ ಅಗತ್ಯವಿರಲಿಲ್ಲ, ಎಲ್ಲರೂ ಕಂಡಿದ್ದರು. ಅಯ್ಯನವರು ಕುಡಿಯನ್ನು ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು, "ಹೌದು, ಬೇರಽ," ಎಂದರು. ಹೆಣ್ಣಿನ ಅಪ್ಪ ರುಮಾಲು ಸರಿಮಾಡಿಕೊಂಡರು. ಮಸ್ಕಿ ಮಾವನ ಮುಖ ಕೆಂಪಾಯಿತು. ಹಾಗಾದರೆ ಬಳ್ಳಿಗೆ ಗೋಡೆ ಬೇಕಾಗಿದೆ, ಅದನ್ನು ಕುಂಡದಿಂದ ಕಿತ್ತು ಬಾವಿಯ ಹತ್ತಿರ ನೆಲದಲ್ಲಿ ಊರಿ, ಏರಲಿ, ಹೂ ಬಿಡಲಿ ಎಂದು ಪಟ್ಟು ಹಿಡಿದರು.

"ಈ ಬಿಸಲಾಗ ನೆಲಕ್ಕ ಊರಿದರ ಒಂದ ವಾರ ಬಾಳೂದಿಲ್ಲ," ಎಂದು ಅತ್ತೆ ಮಗನ ಮುಖ ನೋಡಿಕೊಂಡೇ ಹೇಳಿದರು. "ಕೈಯಾರ ಕೆಡಸಿದಂಗ ಆಗ್ತದ. ಅಯ್ಯನವರು ಅಂದದ್ದು ಭಾವಾರಿಗೆ ನೆನಪಿರಬೇಕು."

ಅಯ್ಯನವರು ತಲೆಯಾಡಿಸಿದರು. ಮಸ್ಕಿ ಮಾವ ಎಲೆಅಡಿಕೆಯ ತಟ್ಟೆಯನ್ನು ಸರಿಸಿ ಎದ್ದರು. ಅವರು ಹೊಸ್ತಿಲು ದಾಟುವ ಮುಂಚೆಯೇ ಅತ್ತೆ ಅಡಕೊತ್ತು ತರಿಸಿ ಆ ಕುಡಿಯನ್ನು ಬುಡದ ಹತ್ತಿರ ಕತ್ತರಿಸಿದ್ದರು.

ಮನೆ ಖಾಲಿಯಾದ ಮೇಲೆ ಅತ್ತೆ ಒಲೆಯ ಮುಂದೆ ಬಂದು ಕೂತರು. ಗಂಜಿ ಬಡಿಸಿದೆ. ಇಷ್ಟು ವರ್ಷ ತಡೆದದ್ದು ಅವತ್ತು ತಡೆಯಲಾಗಲಿಲ್ಲ.

"ಅತ್ತಿ, ಒಂದ ಮಾತು ಕೇಳ್ತೀನಿ, ಖರೇ ಹೇಳ್ರಿ. ಹೂ ಬಿಡಲಿ ಅಂತ ಅದರ ಮುಂದ ಜೀವ ತೇಯಾಕತ್ತೀರಿ. ನನ್ನ ಮೂಲಿಗೆ ಹಾಕೂದು ನಿಮಗ ಅಷ್ಟು ಆತರ ಆಗೇದೇನ್ರಿ?"

ಅತ್ತೆ ಗಂಜಿಯ ಬಟ್ಟಲು ಕೆಳಗಿಟ್ಟರು. "ಹೂ ಬಿಡಲಿ ಅಂತ ಮಾಡಾಕತ್ತೀನಿ ಅಂತ ಯಾರು ಹೇಳಿದ್ರು ನಿನಗ?"

"ಕಣ್ಣಿಲ್ಲೇನು ನನಗ? ಅಮಾಸಿಗೊಮ್ಮೆ ಕತ್ತರಸ್ತೀರಿ."

"ಹುಚ್ಚಿ," ಎಂದರು ಅತ್ತೆ. "ಬೀಬಿ ಕೊಟ್ಟ ದಿನಾನ ನಾ ಕೇಳಿದ್ದೆ, ಇದರ ಹೂ ಲಿಂಗಕ್ಕ ನಡೀತದೇನು ಅಂತ. ಆಕಿ ನಕ್ಕಳು. ಕುಂಡದಾಗ ಸಣ್ಣದಾಗಿ ಇಟ್ಟರ ಇದು ಎಂದೂ ಹೂ ಬಿಡೂದಿಲ್ಲ. ಗ್ವಾಡಿ ಹಿಡಕೊಂಡು ಏರಿ ಏರಿ ಮುದಿ ಆದ ಮ್ಯಾಲೆ ಬಿಡ್ತದ. ಕುಡಿ ಕತ್ತರಸಕೋತ ಇರು, ಕೂಸಿನಂಗ ಇರ್ತದ ಅಂದಳು. ಅದನ್ನ ತಿಳಕೊಂಡಿದ್ದಕ್ಕ ಆ ಹರಕಿ ಹೊತ್ತೆ."

ನಾನು ಒಲೆಯಲ್ಲಿ ಕಟ್ಟಿಗೆ ಸರಿಸಿದೆ. ಅದು ಸರಿಯಾಗಿಯೇ ಉರಿಯುತ್ತಿತ್ತು.

ಅವರು ಮಾತು ಮುಂದುವರಿಸಿದರು. ಅಷ್ಟು ಮಾತನ್ನು ಅವರು ಒಮ್ಮೆಗೇ ಆಡಿದ್ದನ್ನು ನಾನು ಅದಕ್ಕೆ ಮುಂಚೆಯೂ ಕೇಳಿಲ್ಲ, ಆಮೇಲೂ ಕೇಳಲಿಲ್ಲ. "ಈ ಮನಿಗೆ ನಾ ಎರಡನೇಕಿ ಆಗಿ ಬಂದಾಕಿ. ನಿನಗ ಯಾರೂ ಹೇಳಿಲ್ಲ. ಮೊದಲನೇಕಿ ಇದ ಒಲಿ ಮುಂದ ಕುಂತು ನನಗ ರೊಟ್ಟಿ ಬಡದು ಹಾಕ್ತಿದ್ದಳು. ಬಿಸಿದು ನನಗ, ತಂಗಳ ಆಕಿಗೆ. ಒಂದ ದಿನ ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಒಂದ ಸರತಿ ದಢೇಸುಗೂರಿಗೆ ತವರಿಗೆ ಹೋದಾಕಿ ತಿರುಗಿ ಬರಲಿಲ್ಲ. ಬರಬ್ಯಾಡ ಅಂತ ಯಾರೂ ಅಂದಿರಲಿಲ್ಲ, ಬಾ ಅಂತನೂ ಯಾರೂ ಅನ್ನಲಿಲ್ಲ."

ಎಲ್ಲವನ್ನೂ ಮೂಸಿ ನೋಡುವ ನನ್ನ ಮೂಗಿಗೆ, ಅದೇ ಮನೆಯಲ್ಲಿ, ಈ ಒಂದು ವಾಸನೆ ಸಿಕ್ಕಿರಲಿಲ್ಲ. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು.

"ಮತ್ತ ನನಗರ ಹೇಳಬೇಕಿಲ್ಲೇನ್ರಿ? ಇಷ್ಟು ವರ್ಷ ಸತ್ತು ಸತ್ತು ಬದುಕೀನಿ ನಾ."

"ನಿನಗ ಹೇಳಿದ್ರ ನಿನ್ನ ಮಾರಿ ಮ್ಯಾಲೆ ಕಾಣಸ್ತಿತ್ತು. ದಿನಾ ಮೊಗ್ಗು ಹುಡುಕಿಕೋತ ನೀ ಅಂಜಿಕೊಂಡು ಅಡ್ಡಾಡಿದ್ದಕ್ಕ ನಿಮ್ಮ ಮಸ್ಕಿ ಮಾವಾರು ನಂಬಿದ್ರು. ನೀ ನಗಾಕತ್ತಿದ್ರ ಮರುದಿನಾನ ಅವರಿಗೆ ಗೊತ್ತಾಗ್ತಿತ್ತು."

"ಹರಕಿ ತೀರದಿದ್ರ?"

ಶಿವಪೂಜೆ ಮಾಡದೆ ನೀರು ಮುಟ್ಟದ ಹೆಂಗಸು ನಮ್ಮ ಅತ್ತೆ. ಲಿಂಗ ಹಿಡಿದು ಹೊತ್ತ ಹರಕೆ ತೀರಿಸದೆ ಹೋದರೆ ಏನಾಗುತ್ತದೆ ಎಂಬುದರಲ್ಲಿ ಅವರಿಗೆ ನನ್ನ ಹಾಗೆ ಸಂಶಯವಿರಲಿಲ್ಲ, ಪೂರ್ತಿ ನಂಬಿಕೆಯಿತ್ತು. "ಅದು ನನಗೂ ಶಿವಗೂ ಬಿಟ್ಟದ್ದು. ನೀ ಗಂಜಿ ಹಾಕು," ಎಂದರು.

ಅಲ್ಲಿಂದ ಮುಂದೆ ಅಮಾವಾಸ್ಯೆಗೆ ಅಡಕೊತ್ತು ಹಿಡಿಯುವ ಕೆಲಸ ನನ್ನದಾಯಿತು. ಮಸ್ಕಿ ಮಾವ ಬಂದಾಗ ಮುಖ ಬಾಡಿಸಿಕೊಂಡು ನಿಲ್ಲುವುದನ್ನು ಮಾತ್ರ ಬೇಕೆಂದೇ ಮುಂದುವರಿಸಿದೆ. ಅವರು ಹೇಳಿದ್ದ ಆ ಹುಡುಗಿಗೆ ಬೇರೆ ಕಡೆ ಗಂಡು ಸಿಕ್ಕಿತು, ಅವರು ಇನ್ನೊಂದು ಹುಡುಗಿಯ ಮಾತು ತೆಗೆದರು. ಮಕ್ಕಳು ನನಗೆ ಆಗಲೇ ಇಲ್ಲ.

ಕೆಲವು ವರ್ಷಗಳ ಮೇಲೆ ಒಂದು ಸಂಜೆ ನಮ್ಮ ಮನೆಯವರು ಕಚೇರಿಯಿಂದ ಬಂದು, ಕಾಲು ತೊಳೆಯುವ ಮುಂಚೆಯೇ, ಹೊಸ ಕಾಯ್ದೆ ಬಂದಿದೆ ಎಂದರು. ಒಬ್ಬ ಹೆಂಡತಿ ಇರುವಾಗ ಇನ್ನೊಬ್ಬಳನ್ನು ಮಾಡಿಕೊಂಡರೆ ಜೈಲಂತೆ, ಸರಕಾರಿ ನೌಕರಿಯೂ ಹೋಗುತ್ತದಂತೆ. ಹೇಳುವಾಗ ಅವರ ಕಣ್ಣು ಒದ್ದೆಯಾಗಿದ್ದವು. ಇಷ್ಟು ವರ್ಷ ಆ ಬಳ್ಳಿಯನ್ನು ಅವರು ಯಾವ ಭಯದಿಂದ ನೋಡುತ್ತಿದ್ದರೆಂದು ನನಗೆ ಆಗ ತಿಳಿಯಿತು.

ಮರುದಿನ ನಾನು ಅತ್ತೆಯ ಹತ್ತಿರ ಕೂತೆ. ಅವರಿಗೆ ಆಗ ಕಣ್ಣು ಮಂದವಾಗಿತ್ತು, ಎಲೆಗಳನ್ನು ಕೈಯಿಂದ ಮುಟ್ಟಿಯೇ ನೋಡುತ್ತಿದ್ದರು. "ಅತ್ತಿ, ಇನ್ನ ಅಂಜಿಕಿಲ್ಲ. ಕತ್ತರಸೂದು ಬಿಡ್ತೀನಿ. ಇಲ್ಲೇ ನೆರಳಾಗ ಗ್ವಾಡಿ ಹಿಡೀಲಿ, ಏರಲಿ. ನೀವು ಇರೂತನಕ ಹೂ ಬಿಟ್ಟರ ನಿಮ್ಮ ಹರಕಿನೂ ತೀರ್ತದ," ಎಂದೆ. ನಿಜವಾಗಿ ಅದು ನನ್ನ ಆಸೆಯಾಗಿತ್ತು. ನನಗಾಗಿ ಹೊತ್ತ ಭಾರ ಅವರ ತಲೆಯಿಂದ ಇಳಿಯಲಿ ಎಂದು ಬೇಡಿಕೊಂಡ ಹಾಗೆ ಕೇಳಿದೆ.

ಅತ್ತೆ ಬಹಳ ಹೊತ್ತು ಬಳ್ಳಿಯ ಮೇಲೆ ಕೈಯಾಡಿಸಿದರು. ಆ ಹೂ ನೋಡುವ, ಅದನ್ನು ಲಿಂಗದ ಮೇಲಿಡುವ ಆಸೆ ಅವರಿಗೂ ಇತ್ತೆಂಬುದು ಆ ಕೈಯಿಂದಲೇ ಗೊತ್ತಾಗುತ್ತಿತ್ತು. ಆಮೇಲೆ ಕೈ ಹಿಂದೆ ತೆಗೆದುಕೊಂಡರು.

"ನಿಜಾಮನ ಸರಕಾರ ಹೋತು, ಮಿಲಿಟ್ರಿ ಬಂತು. ಮಿಲಿಟ್ರಿ ಹೋತು, ಹೈದರಾಬಾದಿನ ಮಂತ್ರಿಗಳು ಬಂದ್ರು. ಈಗ ಮೈಸೂರಿಗೆ ಸೇರಸ್ತಾರಂತ. ನಾವು ಕುಂತಲ್ಲೇ ಕುಂತೀವಿ, ಸರಕಾರ ಬದಲಾಕ್ಕೋತ ಹೊಂಟಾವ. ಯಾವ ಕಾಯ್ದಿ ಎಷ್ಟು ದಿನ ಇರ್ತದ, ಯಾರು ಕಂಡಾರ? ನಿಮ್ಮ ಮಸ್ಕಿ ಮಾವಾರು ಇನ್ನೂ ಗಟ್ಟಿ ಅದಾರ," ಎಂದರು. "ನೀ ಕತ್ತರಸು."

ಕತ್ತರಿಸಿದೆ.